ಪ್ರಾಪ್ಸ್ ಟೇಬಲ್‌ನಿಂದ ಶುರು ಮಾಡಿ

ಕೋರ್ಸ್ ಸೇರದೆ, ನಾಟಕಗಳಲ್ಲಿ ಕೆಲಸ ಮಾಡುತ್ತಲೇ ಸ್ಟೇಜ್ ಮ್ಯಾನೇಜ್‌ಮೆಂಟ್ (ತಾಲೀಮು, ಪ್ರದರ್ಶನಗಳನ್ನು ತೆರೆಮರೆಯಿಂದ ನಡೆಸುವ ಕೆಲಸ) ಕಲಿಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಲಿಯಬಹುದು. ನಾನು ಕಲಿತಿದ್ದೂ ಹಾಗೆಯೇ.

ಮೊದಲು ಯಾವುದಾದರೂ ತಂಡದಲ್ಲಿ ಸಹಾಯಕರಾಗಿ ಸೇರಿ, ಪ್ರಾಪ್ಸ್ ಟೇಬಲ್ (ನಟರು ವೇದಿಕೆಯಲ್ಲಿ ಬಳಸುವ ವಸ್ತುಗಳನ್ನು ಇಡುವ ಮೇಜು) ನೋಡಿಕೊಳ್ಳಿ. ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಒಂದೊಂದು ವಸ್ತುವಿನ ಸುತ್ತ ದಪ್ಪ ಗೆರೆ ಎಳೆದು ಹೆಸರು ಬರೆಯಿರಿ. ಯಾವ ಜಾಗ ಖಾಲಿ ಇದೆ ಅನ್ನೋದು ಮಬ್ಬು ಬೆಳಕಲ್ಲೂ ಗೊತ್ತಾಗುತ್ತದೆ.

ಆಮೇಲೆ ಪ್ರಾಂಪ್ಟ್ ಬುಕ್. ಇದಕ್ಕೆ ಜಾಸ್ತಿ ಸಮಯ ಕೊಡಿ, ಇಡೀ ನಾಟಕ ಇರುವುದು ಇದರಲ್ಲೇ. ಒಂದು ಪುಟದಲ್ಲಿ ಸಂಭಾಷಣೆ, ಎದುರು ಪುಟದಲ್ಲಿ ನಟರ ಚಲನೆ, ಬೆಳಕು ಮತ್ತು ಸದ್ದಿನ ಕ್ಯೂಗಳು, ಅಂದರೆ ಯಾವ ಕ್ಷಣಕ್ಕೆ ಏನು ಬದಲಾಗಬೇಕು ಅನ್ನೋ ಸೂಚನೆಗಳು. ಪೆನ್ಸಿಲ್‌ನಲ್ಲೇ ಬರೆಯಿರಿ, ನಿರ್ದೇಶಕರು ನಾಳೆ ಬದಲಾಯಿಸುತ್ತಾರೆ. ಎಡ, ಬಲ ಅಂದರೆ ಪ್ರೇಕ್ಷಕರತ್ತ ಮುಖ ಮಾಡಿ ನಿಂತ ನಟನ ಎಡ, ಬಲ.

ಹನ್ನೆರಡನೇ ಬೆಳಕಿನ ಕ್ಯೂ ಕೊಡುವಾಗ, ಸಿದ್ಧರಾಗಿರಲು ಮೊದಲು 'ಲೈಟ್ 12, ಸ್ಟ್ಯಾಂಡ್‌ಬೈ'. ಸರಿಯಾದ ಕ್ಷಣಕ್ಕೆ 'ಲೈಟ್ 12, ಗೋ'. ಹೆಡ್‌ಸೆಟ್‌ನಲ್ಲಿ 'ಗೋ' ಪದವನ್ನು ಬೇರೆ ಯಾವ ಮಾತಿಗೂ ಬಳಸಬೇಡಿ. ಒಂದು ತಾಂತ್ರಿಕ ತಾಲೀಮಿನಲ್ಲಿ ನನ್ನ ಬಾಯಿತಪ್ಪಿ ಅದು ಬಂತು. ಪತ್ರ ಓದುತ್ತಿದ್ದ ನಟಿ ಅರ್ಧ ಸಾಲಿಗೆ ಕತ್ತಲಲ್ಲಿ ನಿಂತರು. ಆ ಮೌನ ಇನ್ನೂ ಮರೆತಿಲ್ಲ.

ಪ್ರೊಡಕ್ಷನ್ ಮ್ಯಾನೇಜರ್ ಕೆಲಸ ಬೇರೆ: ಬಜೆಟ್, ವೇಳಾಪಟ್ಟಿ, ಸೆಟ್ ಕಟ್ಟುವವರು, ಸುರಕ್ಷತೆ. ಎರಡು ಮೂರು ನಾಟಕ ನಡೆಸಿದ ಮೇಲೆ ಅದಕ್ಕೆ ಕೈ ಹಾಕಿ. ಸೆಟ್ ಬದಲಿಸಲು ನಿಜಕ್ಕೂ ಎಷ್ಟು ಹೊತ್ತು ಬೇಕು ಅಂತ ಆಗ ಮೈಗೇ ಗೊತ್ತಿರುತ್ತದೆ, ಅಲ್ವಾ?

ಮೊದಲ ತಾಲೀಮಿಗೆ ಪೆನ್ಸಿಲ್, ರಬ್ಬರ್, ಅಳತೆ ಟೇಪ್, ನೆಲಕ್ಕೆ ಗುರುತು ಹಾಕಲು ಬಣ್ಣದ ಟೇಪ್ ಒಯ್ಯಿರಿ.