ಮದುವೆ ಡಿವಿಡಿ ಓಡುತ್ತೆ, ಸಿನಿಮಾ ಡಿವಿಡಿ ಓಡಲ್ಲ ಅಂದ್ರೆ ರೀಜನ್ ಮುಟ್ಟಬೇಡಿ

ಸರ್, ಉಬುಂಟು 24.04 ಲಿನಕ್ಸಲ್ಲಿ ಮದುವೆ ಡಿವಿಡಿ ಸಲೀಸಾಗಿ ಓಡ್ತಿದೆ, ಅಂಗಡಿಯಿಂದ ತಂದ ಸಿನಿಮಾ ಡಿವಿಡಿ ಮಾತ್ರ ತೆರೀತಿಲ್ಲ, ವಿಎಲ್‌ಸಿ ಪ್ಲೇಯರನ್ನು ಮೂರು ಸಲ ತೆಗೆದು ಮತ್ತೆ ಹಾಕಿದ್ದಾಯ್ತು, ಇನ್ನು ಡ್ರೈವ್ ರೀಜನ್ (ಯಾವ ಪ್ರದೇಶದ ಡಿಸ್ಕ್ ಓಡಬೇಕು ಅನ್ನೋ ನಂಬರ್) ಬದಲಾಯಿಸ್ತೀನಿ ಅಂದಿದ್ದೀರಿ. ಅಲ್ಲೇ ನಿಲ್ಲಿಸಿ! ಇದೇ ಆತುರದಲ್ಲಿ ರೀಜನ್ ಬದಲಿಸೋ ಎರಡು ಅವಕಾಶ ಸುಮ್ಮನೆ ಕಳ್ಕೊಂಡವನು ನಾನು.

ಸ್ಟುಡಿಯೋದವರು ಬರ್ನ್ ಮಾಡಿಕೊಟ್ಟ ಡಿಸ್ಕಿಗೆ ಸಿಎಸ್ಎಸ್ ಬೀಗ (ನಕಲು ತಡೆಯೋ ಗೂಢಲಿಪಿ) ಇರಲ್ಲ, ಅಂಗಡಿ ಡಿಸ್ಕಿಗೆ ಸಾಮಾನ್ಯವಾಗಿ ಇರುತ್ತೆ. ಆ ಬೀಗ ತೆಗೆಯೋ ಲಿಬ್‌ಡಿವಿಡಿಸಿಎಸ್ಎಸ್ ಲೈಬ್ರರಿಯನ್ನು ಕಾನೂನಿನ ತಕರಾರಿಂದ ಉಬುಂಟು ಜೊತೆಗೆ ಕೊಡಲ್ಲ. ಮಲ್ಟಿವರ್ಸ್ ಅನ್ನೋ ಉಬುಂಟು ರೆಪೊದಿಂದ (ಸಾಫ್ಟ್‌ವೇರ್ ಉಗ್ರಾಣ) ಲಿಬ್‌ಡಿವಿಡಿ-ಪಿಕೆಜಿ ಹಾಕಿದ್ದೀರಿ, ಸರಿ. ಆದ್ರೆ ಅದು ಬರೀ ಚೀಲ, ಒಳಗೆ ಅಕ್ಕಿ ಇಲ್ಲ. ನೆಟ್ ಇರುವಾಗ 'ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಲಿಬ್‌ಡಿವಿಡಿ-ಪಿಕೆಜಿ' ಓಡಿಸಿದ ಮೇಲೇ ಮೂಲ ಕೋಡ್ ಇಳಿದು ನಿಮ್ಮ ಮಷೀನಲ್ಲೇ ಕಂಪೈಲ್ ಆಗೋದು, ಅಂದ್ರೆ ಓಡೋ ರೂಪಕ್ಕೆ ಬರೋದು. (ಕನ್ನಡ ಕೀಬೋರ್ಡಲ್ಲಿ ಬರೀತಿದ್ದೀನಿ, ಟರ್ಮಿನಲ್ಲಲ್ಲಿ ಇಂಗ್ಲಿಷ್ ಸಣ್ಣಕ್ಷರ ಹೊಡೀರಿ.) ಡೆಬಿಯನ್ ಲಿನಕ್ಸಲ್ಲಾದ್ರೆ ಮೊದಲು ಕಾಂಟ್ರಿಬ್ ರೆಪೊ ತೆರೀಬೇಕು. ಫೆಡೋರಾ ಲಿನಕ್ಸಿನವರಿಗೆ ಆರ್‌ಪಿಎಂ ಫ್ಯೂಷನ್ನಿನ ಟೇಂಟೆಡ್ ರೆಪೊದಲ್ಲಿ ಲಿಬ್‌ಡಿವಿಡಿಸಿಎಸ್ಎಸ್ ಸಿಗುತ್ತೆ.

ವಿಎಲ್‌ಸಿ ಸ್ನ್ಯಾಪಾ, ಆಪ್ಟಾ (ಉಬುಂಟುವಲ್ಲಿ ಸಾಫ್ಟ್‌ವೇರ್ ಹಾಕೋ ಎರಡು ದಾರಿ)? ಸ್ನ್ಯಾಪ್ ತನ್ನ ಪೆಟ್ಟಿಗೆಯೊಳಗೆ ಕೂತಿರುತ್ತೆ, ನೀವು ಹೊರಗೆ ಕಂಪೈಲ್ ಮಾಡಿದ ಲೈಬ್ರರಿ ಅದರ ಕಣ್ಣಿಗೆ ಬೀಳಲ್ಲ. ಆಪ್ ಸೆಂಟರಲ್ಲಿ ಕಂಡಿದ್ದನ್ನ ಒತ್ತೋ ಚಟ ಬಿಡಿ. ಡಿವಿಡಿಗೆ ಆಪ್ಟ್ ವಿಎಲ್‌ಸಿಯೇ ಸೈ. ಎಂಪಿವಿ ಪ್ಲೇಯರ್ ನನಗಿಷ್ಟ, ಆದ್ರೆ ಅದರಲ್ಲಿ ಡಿಸ್ಕ್ ಮೆನು ಸಿಗಲ್ಲ.

ಈಗ ರೀಜನ್. ಭಾರತದ್ದು 5, ಅಮೆರಿಕದ್ದು 1. ಡ್ರೈವಿನ ರೀಜನ್ನನ್ನು ಒಟ್ಟು 5 ಸಲ ಮಾತ್ರ ಬದಲಾಯಿಸಬಹುದು, ಆಮೇಲೆ ಕೊನೆಯದಕ್ಕೇ ಅಂಟಿಕೊಳ್ಳುತ್ತೆ. ಲೆಕ್ಕ ಇರೋದು ಡ್ರೈವಿನ ಫರ್ಮ್‌ವೇರಲ್ಲಿ (ಡ್ರೈವಿನೊಳಗೇ ಇರೋ ಸಾಫ್ಟ್‌ವೇರ್), ಲಿನಕ್ಸ್ ಹೊಸದಾಗಿ ಹಾಕಿದ್ರೂ ಅಳಿಯಲ್ಲ. ನೋಡಲೇಬೇಕು ಅಂದ್ರೆ ಡಿಸ್ಕ್ ಹಾಕಿ 'ಸುಡೊ ರೀಜನ್‌ಸೆಟ್' ಓಡಿಸಿ. ಈಗಿನ ರೀಜನ್ನೂ ಉಳಿದಿರೋ ಅವಕಾಶವೂ ತೋರಿಸಿ, ಬದಲಾಯಿಸಲಾ ಅಂತ ಕೇಳುತ್ತೆ. ಅಲ್ಲಿ 'ಎನ್' ಒತ್ತಿ ಹೊರಬನ್ನಿ. ಎಷ್ಟೋ ಡ್ರೈವಲ್ಲಿ ಲಿಬ್‌ಡಿವಿಡಿಸಿಎಸ್ಎಸ್ ಬೇರೆ ರೀಜನ್ ಡಿಸ್ಕನ್ನೂ ತಾನೇ ಬಿಚ್ಚುತ್ತೆ. ಕೆಲವು ಹಠಮಾರಿ ಡ್ರೈವ್ ಮಾತ್ರ ಬಿಡಲ್ಲ. ಅಮೆರಿಕದಿಂದ ಬಂದ ಒಂದೇ ಒಂದು ಡಿಸ್ಕಿಗೋಸ್ಕರ 1ಕ್ಕೆ ತಿರುಗಿಸಿ, ಮತ್ತೆ 5ಕ್ಕೆ ತಂದ್ರೆ ಎರಡು ಖರ್ಚು, ನೆನಪಿರಲಿ.

ಇಷ್ಟಾದ್ಮೇಲೂ ಸಿನಿಮಾ ಮೆನುವಲ್ಲೇ ಸುತ್ತುತಿದ್ರೆ ವಿಎಲ್‌ಸಿಯ ಓಪನ್ ಡಿಸ್ಕಲ್ಲಿ 'ನೋ ಡಿಸ್ಕ್ ಮೆನೂಸ್' ಗುರುತು ಹಾಕಿ. ಯುಎಸ್‌ಬಿ ಡ್ರೈವ್ ಕಿರುಗುಟ್ಟಿ ಮಧ್ಯೆ ನಿಂತ್ರೆ ಸಾಫ್ಟ್‌ವೇರ್ ಬೈಬೇಡಿ, ಹಬ್ ಬಿಟ್ಟು ನೇರ ಪೋರ್ಟಿಗೆ ಚುಚ್ಚಿ, ಕರೆಂಟ್ ಸಾಕಾಗದ ಕಾಟ ಅದು. ಹಾಂ, ಆ ಮದುವೆ ಡಿವಿಡಿಯಲ್ಲಿ ಯಾರಾದ್ರೂ ಓಡಾಡಿದಾಗ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತಲ್ಲ, ಅದು ಇಂಟರ್‌ಲೇಸ್ (ಚಿತ್ರವನ್ನು ಸಾಲು ಬಿಟ್ಟು ಸಾಲು ಹಿಡಿಯೋ ಪದ್ಧತಿ). ವಿಎಲ್‌ಸಿಯಲ್ಲಿ 'ಡಿ' ಒತ್ತಿ, ಮೋಡ್ ಯಾಡಿಫ್ (ಆ ಗೆರೆ ಅಳಿಸೋ ಒಂದು ವಿಧಾನ) ಇಡಿ.