ಕ್ಯಾನ್ಸರ್ ಕಾಣ್ತಿಲ್ಲ ಅಂದ ಮೇಲೂ ಇನ್ನೆರಡು ವರ್ಷ ಔಷಧಿ ಯಾಕೆ?

ಪ್ರಶ್ನೆ: ನಮ್ಮ 4 ವರ್ಷದ ಮಗಳಿಗೆ ಎಎಲ್‌ಎಲ್ ಎಂಬ ರಕ್ತ ಕ್ಯಾನ್ಸರ್. ಒಂದು ತಿಂಗಳ ಕೀಮೋ ಮುಗಿದಿದೆ. ಮೂಳೆಯೊಳಗಿನ ಮಜ್ಜೆಯ ಪರೀಕ್ಷೆಯಲ್ಲಿ ಈಗ ಕ್ಯಾನ್ಸರ್ ಕಾಣುತ್ತಿಲ್ಲ ಎಂದು ಡಾಕ್ಟರ್ ಹೇಳಿದರು. ಖುಷಿಪಡುವಷ್ಟರಲ್ಲಿ, ಚಿಕಿತ್ಸೆ ಇನ್ನೂ ಎರಡು ವರ್ಷ ಇದೆ ಅಂದರು. ವಾಸಿಯಾದ ಮಗುವಿಗೆ ಇಷ್ಟು ಔಷಧಿ ಯಾಕೆ ಎಂದು ಅತ್ತೆ ಕೇಳುತ್ತಾರೆ. ದೊಡ್ಡ ಮಗನಿಗೂ ಇದು ಅಂಟುತ್ತದೆಯೇ?
– ಒಬ್ಬ ತಾಯಿ

ಉತ್ತರ: ನಿಮ್ಮ ಅತ್ತೆ ಕೇಳಿದ್ದು ಸರಿಯಾಗಿಯೇ ಇದೆ. ‘ಕಾಣುತ್ತಿಲ್ಲ’ ಅಂತ ಹೇಳಿ ನಾವು ಡಾಕ್ಟರುಗಳು ಮುಂದಿನ ಮಾತಿಗೆ ಹೋಗಿಬಿಡುತ್ತೇವೆ. ಬಿಡಿಸಿ ಹೇಳುವುದು ಕಡಿಮೆ.

ಸ್ವಲ್ಪ ಲೆಕ್ಕ ಹಾಕೋಣ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು 1 ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳು ಇರಬಹುದು. ಮೊದಲ ತಿಂಗಳ ಔಷಧಿ 10 ಸಾವಿರಕ್ಕೆ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕೊಂದಿತು ಅಂತಿಟ್ಟುಕೊಳ್ಳಿ. ಭಾರೀ ಗೆಲುವೇ ಅಲ್ವಾ? ಆದರೂ 10 ಕೋಟಿ ಉಳಿದವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇವು ಸಿಕ್ಕುವುದಿಲ್ಲ. ಅದಕ್ಕೇ ಎಂಆರ್‌ಡಿ ಎಂಬ ಸೂಕ್ಷ್ಮ ಪರೀಕ್ಷೆ ಇದೆ. 10 ಸಾವಿರ ಕೋಶಗಳ ನಡುವೆ ಒಂದು ಕೆಟ್ಟದ್ದಿದ್ದರೂ ಅದು ಹಿಡಿಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಅದರ ಕಣ್ಣಿಗೂ ಬೀಳದೆ ಹೋಗಬಹುದು.

ಇದು ಬರೀ ಕಾಗದದ ಲೆಕ್ಕವಲ್ಲ. 1948ರಲ್ಲಿ ಬಾಸ್ಟನ್‌ನ ಡಾ. ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ ಎಂಬ ಔಷಧಿಯಿಂದ ಮಕ್ಕಳ ರಕ್ತ ಕ್ಯಾನ್ಸರ್ ಹಿಂದೆ ಸರಿದದ್ದನ್ನು ಪ್ರಕಟಿಸಿದರು. ಮಕ್ಕಳು ಎದ್ದು ಆಡಿದರು. ಆದರೆ ಕೆಲವೇ ತಿಂಗಳಲ್ಲಿ ಕಾಯಿಲೆ ಮರಳಿತು. ಒಂದೇ ಔಷಧಿ ಸಾಲದು, ಬೇಗ ನಿಲ್ಲಿಸಲೂ ಬಾರದು ಎಂಬುದನ್ನು ವೈದ್ಯರು ಹೀಗೆ ಕಷ್ಟಪಟ್ಟೇ ಕಲಿತರು. ಇವತ್ತು ಒಳ್ಳೆಯ ಚಿಕಿತ್ಸೆ ಪೂರ್ತಿ ಸಿಗುವ ಕಡೆ ಎಎಲ್‌ಎಲ್ ಬಂದ 100 ಮಕ್ಕಳಲ್ಲಿ ಸುಮಾರು 90 ಮಂದಿ ಬದುಕುತ್ತಾರೆ.

ಬೆನ್ನಿಗೆ ಚುಚ್ಚುವ ಇಂಜೆಕ್ಷನ್ ಕೂಡ ಇದೇ ಕಾರಣಕ್ಕೆ. ರಕ್ತನಾಳಕ್ಕೆ ಕೊಟ್ಟ ಔಷಧಿ ಮಿದುಳಿನ ಸುತ್ತಲಿನ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ಅಲ್ಲಿ ಅಡಗಿದ ಕೋಶಗಳು ಬಚಾವಾಗುತ್ತವೆ. ಅದಕ್ಕೇ ಬೆನ್ನಿನ ಮೂಲಕ ಔಷಧಿಯನ್ನು ನೇರ ಆ ನೀರಿಗೇ ಸೇರಿಸುವುದು.

ಮುಂದಿನ ಕೆಲವು ತಿಂಗಳು ಕೀಮೋ ಜೋರಾಗಿರುತ್ತದೆ. ಆಮೇಲೆ ಬರುವುದು ಮೇಂಟೆನೆನ್ಸ್, ಹೆಚ್ಚಾಗಿ ಮನೆಯಲ್ಲೇ ಮಾತ್ರೆ. ಮನೆಯವರು ಸುಮ್ನೆ ಸಡಿಲ ಬಿಡುವುದು ಇಲ್ಲೇ. ಮಗು ಓಡಾಡುತ್ತಿರುತ್ತದೆ, ಕೂದಲು ಬಂದಿರುತ್ತದೆ, ಇವತ್ತೊಂದಿನ ಬಿಟ್ಟರೇನು ಅನ್ನಿಸುತ್ತದೆ. ತಿಂಗಳಿಗೆ ಎರಡು ಮೂರು ದಿನದ ಮಾತ್ರೆ ತಪ್ಪುತ್ತಾ ಹೋದರೂ ಕಾಯಿಲೆ ಮರಳುವ ಅಪಾಯ ಜಾಸ್ತಿಯಾಗುತ್ತದೆ. ಇನ್ನೊಂದು ಎಚ್ಚರ. ಈ ಹಂತದ ಮಾತ್ರೆಗಳಲ್ಲಿ ಮರ್ಕ್ಯಾಪ್ಟೊಪ್ಯೂರಿನ್ ದಿನಾ ಕೊಡುವಂಥದ್ದು. ಮೆಥೋಟ್ರೆಕ್ಸೇಟ್ ಮಾತ್ರೆ ಸಾಮಾನ್ಯವಾಗಿ ವಾರಕ್ಕೊಂದೇ ದಿನ. ಮರೆತು ಅದನ್ನೂ ದಿನಾ ಕೊಟ್ಟರೆ ಜೀವಕ್ಕೇ ಅಪಾಯ. ಆ ಡಬ್ಬಿಯ ಮೇಲೆ ಯಾವ ದಿನ ಕೊಡಬೇಕೋ ಆ ದಿನದ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಬೇರೆ ಕಡೆ ಇಡಿ. ರಕ್ತದ ಕೌಂಟ್ ಸ್ವಲ್ಪ ಕೆಳಗಿದ್ದರೆ ಗಾಬರಿಯಾಗಬೇಡಿ. ಅಷ್ಟರಲ್ಲೇ ಇರಲಿ ಎಂದು ಡಾಕ್ಟರೇ ಡೋಸ್ ಹೊಂದಿಸುತ್ತಾರೆ.

ಗಾಬರಿಯಾಗಬೇಕಾದ್ದು ಜ್ವರಕ್ಕೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಬೆಳಗ್ಗೆ ನೋಡೋಣ ಅನ್ನಬೇಡಿ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ, ಜ್ವರ ಮುಚ್ಚಿಹೋಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ.

ದೊಡ್ಡ ಮಗನಿಗೆ ಅಂಟುವುದಿಲ್ಲ. ಇಬ್ಬರೂ ಒಟ್ಟಿಗೆ ಆಡಲಿ, ಒಟ್ಟಿಗೆ ಮಲಗಲಿ. ಅವನಿಗೆ ನೆಗಡಿ, ಕೆಮ್ಮು ಬಂದಾಗ ಮಾತ್ರ ತಂಗಿಯಿಂದ ಸ್ವಲ್ಪ ದೂರ ಇರಲಿ. ಅವನ ಕ್ಲಾಸಿನಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದಿದೆ ಅಂತ ಗೊತ್ತಾದರೆ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.