ಸಿಲ್ವರ್ ಆಟದಲ್ಲಿ ಡೈಮಂಡ್ ಆಟಗಾರ

ಪ್ರಶ್ನೆ: ನಮ್ಮ ಹವ್ಯಾಸಿ ವ್ಯಾಲೊರಂಟ್ (ಐವರ ತಂಡಗಳು ಆಡುವ ಕಂಪ್ಯೂಟರ್ ಶೂಟಿಂಗ್ ಆಟ) ಲೀಗ್‌ನಲ್ಲಿ ಡೈಮಂಡ್ ರ‍್ಯಾಂಕಿನ ಹುಡುಗನೊಬ್ಬ ಹೊಸ ಅಕೌಂಟ್‌ನಿಂದ ಅದಕ್ಕಿಂತ ಎಷ್ಟೋ ಕೆಳಗಿನ ಸಿಲ್ವರ್ ವಿಭಾಗಕ್ಕೆ ಸೇರಿ ಗೆದ್ದುಬಿಟ್ಟ. ಉಳಿದವರು ಆಟವೇ ಬೇಡ ಅಂತಿದ್ದಾರೆ. ಏನು ಮಾಡಲಿ?
– ಓದುಗ, ದಾವಣಗೆರೆ

ಉತ್ತರ: ನಿಮ್ಮ ಹುಡುಗರ ಬೇಸರ ನನಗೆ ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ನಾನು ಲೀಗ್ ನಡೆಸಿದ ಮೊದಲ ಸಲ ಹೆಸರು ಕೊಟ್ಟ ದಿನದ ರ‍್ಯಾಂಕ್ ಮಾತ್ರ ನೋಡಿದ್ದೆ. ಎರಡು ತಂಡ ಅರ್ಧಕ್ಕೇ ಬಿಟ್ಟು ಹೋದವು. ತಪ್ಪು ನನ್ನ ನಿಯಮದ್ದೇ.

ಈಗ ಕಳೆದ ಒಂದು ವರ್ಷದಲ್ಲಿ ಮುಟ್ಟಿದ ಅತಿ ಮೇಲಿನ ರ‍್ಯಾಂಕನ್ನೇ ಹಿಡಿಯುತ್ತೇನೆ. ಎಲ್ಲ ಅಕೌಂಟ್‌ಗಳನ್ನೂ ತಿಳಿಸಬೇಕು. ಮುಚ್ಚಿಟ್ಟರೆ ಆ ಪಂದ್ಯಗಳು ಎದುರಾಳಿಗೆ. ಹೊಸ ಅಕೌಂಟ್ ಒಂದೇ ಇದ್ದರೆ ಮೊದಲು ಎರಡು ಅಭ್ಯಾಸ ಪಂದ್ಯ ಆಡಿಸಿ ನೋಡುತ್ತೇನೆ.

ಪ್ರತಿ ಆಟಗಾರನಿಗೂ ಅವನ ರ‍್ಯಾಂಕಿನ ಅಂಕ: ಕೆಳಗಿನಿಂದ ಐರನ್‌ಗೆ 1, ಬ್ರಾಂಜ್‌ಗೆ 2, ಸಿಲ್ವರ್‌ಗೆ 3, ಗೋಲ್ಡ್‌ಗೆ 4 ಅಂಕ. ಸಿಲ್ವರ್ ವಿಭಾಗದಲ್ಲಿ ಐವರ ಮೊತ್ತ 15 ದಾಟಬಾರದು. ಮೊತ್ತವೊಂದೇ ಸಾಲದು, ಅಲ್ವಾ? ಒಬ್ಬ ಡೈಮಂಡ್, ನಾಲ್ವರು ಹೊಸಬರು ಅಂತ ತಂಡ ಕಟ್ಟಿಬಿಡುತ್ತಾರೆ. ಹಾಗಾಗಿ ಗೋಲ್ಡ್‌ಗಿಂತ ಮೇಲಿನವರಿಗೆ ಅಲ್ಲಿ ಜಾಗವಿಲ್ಲ.

ಲೀಗ್ ನಡುವೆ ಯಾರಾದರೂ ಕಷ್ಟಪಟ್ಟು ಮೇಲೇರಿದರೆ ದಯವಿಟ್ಟು ಹೊರಗೆ ಹಾಕಬೇಡಿ. ಮುಂದಿನ ಸಲ ಮೇಲಿನ ವಿಭಾಗಕ್ಕೆ ಕಳಿಸಿ. ಆ ಡೈಮಂಡ್ ಹುಡುಗನನ್ನೂ ಸುಮ್ನೆ ಬೈಯದೆ ಕೋಚ್ ಆಗಲು ಕರೆಯಿರಿ. ನಮ್ಮಲ್ಲಿ ಒಬ್ಬ ಹಾಗೆ ಬಂದವನು ಈಗ ಪ್ರತಿ ಭಾನುವಾರ ಹೊಸಬರಿಗೆ ಹೇಳಿಕೊಡುತ್ತಿದ್ದಾನೆ.